ಬೀಳ್ಕೊಡುಗೆಯ ಹಾಡು ಯಾರಿಗೆ?



ಜಪಾನು ದೇಶದಲ್ಲಿ ಶಾಲೆಯ ವರ್ಷವು ಏಪ್ರಿಲ್ ತಿಂಗಳಲ್ಲಿ ಮೊದಲಾಗಿ ಮಾರ್ಚ್ ತಿಂಗಳಲ್ಲಿ ಮುಗಿಯುತ್ತದೆ. ಮುಗಿಯುವುದೆಂದರೆ, ನಮ್ಮ ಹುಡುಗರು ಕಡೆಯ ಪರೀಕ್ಷೆಯ ಕಡೆಯ ಗಂಟೆ ಬಾರಿಸಿದೊಡನೆ ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರಸಿಕೊಂಡು ಹೊರಗೆ ಓಡಿಬಿಡುತ್ತಾರಲ್ಲ, ಹಾಗೆ ಮುಗಿಯುವುದಲ್ಲ. ಅದಕ್ಕೊಂದು ವಿಧಿಯುಂಟು, ಕ್ರಮವುಂಟು, ವಾರಗಟ್ಟಲೆ ನಡೆಯುವ ಅಭ್ಯಾಸವುಂಟು. ಆ ವಿಧಿಯನ್ನು ಅವರು ಸೊತ್ಸುಗ್ಯೋಶಿಕಿ ಎನ್ನುತ್ತಾರೆ. ನಾವು ಬೀಳ್ಕೊಡುಗೆಯ ಸಮಾರಂಭವೆಂದುಕೊಳ್ಳೋಣ.

ನೀವು ಅದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಶಾಲೆಯ ವ್ಯಾಯಾಮಶಾಲೆ, ಎತ್ತರವಾದ ಛಾವಣಿ, ಚಳಿಗಾಲದ ತಣ್ಪು ಇನ್ನೂ ಬಿಡದ ಮರದ ನೆಲ. ಗೋಡೆಯ ಉದ್ದಕ್ಕೂ ಕೆಂಪು ಬಿಳುಪು ಪಟ್ಟೆಗಳ ಪರದೆ. ಮುಂದೆ ಮಕ್ಕಳು, ಹಿಂದೆ ತಂದೆತಾಯಿಗಳು, ಯಾರೂ ಮಾತನಾಡುವುದಿಲ್ಲ. ಉಪಾಧ್ಯಾಯರು ಒಂದೊಂದೇ ಹೆಸರನ್ನು ಕೂಗುತ್ತಾರೆ. ಕರೆಸಿಕೊಂಡ ಮಗು ಎದ್ದು ನಿಂತು, ಗಟ್ಟಿಯಾದ ದನಿಯಲ್ಲಿ ಓಗೊಟ್ಟು, ವೇದಿಕೆಯನ್ನೇರಿ, ಮುಖ್ಯೋಪಾಧ್ಯಾಯರ ಕೈಯಿಂದ ಪ್ರಮಾಣಪತ್ರವನ್ನು ಎರಡೂ ಕೈಗಳಲ್ಲಿ ಸ್ವೀಕರಿಸಿ, ನಡು ಬಾಗಿಸಿ ವಂದಿಸಿ ಇಳಿದುಬರುತ್ತದೆ. ಕಿರಿಯ ತರಗತಿಯವರ ಪರವಾಗಿ ಒಬ್ಬರು ಬೀಳ್ಕೊಡುಗೆಯ ಮಾತನ್ನೂ, ಹೊರಡುವವರ ಪರವಾಗಿ ಒಬ್ಬರು ಉತ್ತರದ ಮಾತನ್ನೂ ಓದುತ್ತಾರೆ. ಅಲ್ಲಿಯವರೆಗೆ ಎಲ್ಲರ ಕಣ್ಣೂ ಒಣಗಿಯೇ ಇರುತ್ತದೆ. ಆಮೇಲೆ ಪಿಯಾನೊ ನುಡಿಯುತ್ತದೆ. ಮಕ್ಕಳು ಎದ್ದು ನಿಂತು ಹಾಡುತ್ತಾರೆ. ಮೊದಲ ಸಾಲು ಮುಗಿಯುವುದರೊಳಗೆ ಸಭೆಯ ಸ್ಥೈರ್ಯವೆಲ್ಲವೂ ಕರಗಿಹೋಗಿರುತ್ತದೆ.

ಪ್ರಾಥಮಿಕ ಶಾಲೆ ಬಿಡುವಾಗ ಒಮ್ಮೆ, ಹನ್ನೆರಡರಲ್ಲಿ. ಮಾಧ್ಯಮಿಕ ಶಾಲೆ ಬಿಡುವಾಗ ಮತ್ತೊಮ್ಮೆ, ಹದಿನೈದರಲ್ಲಿ. ಪ್ರೌಢಶಾಲೆ ಬಿಡುವಾಗ ಇನ್ನೊಮ್ಮೆ, ಹದಿನೆಂಟರಲ್ಲಿ. ಆರು ವರ್ಷಗಳ ಅವಧಿಯಲ್ಲಿ ಮೂರು ಬಾರಿ ಅಗಲಿಕೆಯ ಹಾಡನ್ನು ಹಾಡಿದವರು ಅದನ್ನು ಮರೆಯುವುದುಂಟೆ? ಯಾವ ಹಾಡನ್ನು ಹಾಡಿದಿರಿ ಎಂದು ಜಪಾನೀಯರನ್ನು ಕೇಳಿ ನೋಡಿ. ಅವರು ಕೊಡುವ ಉತ್ತರದಿಂದ ಅವರ ವಯಸ್ಸನ್ನು ಬಹುಮಟ್ಟಿಗೆ ಸರಿಯಾಗಿಯೇ ಊಹಿಸಬಹುದು.

ಈ ಹೊತ್ತು ನಾನು ಹೇಳಹೊರಟಿರುವುದು ಮುಖ್ಯವಾಗಿ ಮೂವತ್ತರಿಂದ ನಲವತ್ತರೊಳಗಿನ ಪ್ರಾಯದವರ ಹಾಡುಗಳ ವಿಷಯ. ಇವರು ಸುಮಾರಾಗಿ 1998ರಿಂದ 2014ರ ವರೆಗಿನ ಅವಧಿಯಲ್ಲಿ ಶಾಲೆಗಳನ್ನು ಬಿಟ್ಟವರು. ಆ ಹಾಡುಗಳನ್ನು ನಾನು ಒಂದೇ ಒಂದು ಪ್ರಶ್ನೆಯ ಬೆಳಕಿನಲ್ಲಿ ನೋಡಲು ಬಯಸುತ್ತೇನೆ. ಬೀಳ್ಕೊಡುಗೆಯ ದಿನ ಮಗು ಹಾಡುತ್ತದಷ್ಟೆ. ಯಾರನ್ನು ಉದ್ದೇಶಿಸಿ ಹಾಡುತ್ತದೆ? ಗುರುವನ್ನೆ, ದೇಶವನ್ನೆ, ಗೆಳೆಯನನ್ನೆ, ತನ್ನನ್ನೆ?

ಹೊಸದನ್ನು ತಿಳಿಯಬೇಕಾದರೆ ಹಳೆಯದರಿಂದ ಮೊದಲುಮಾಡಬೇಕು. ಹಳೆಯ ಹಾಡುಗಳು ಎರಡು. ಎರಡೂ ಹುಟ್ಟಿ ಸುಮಾರು 140 ವರ್ಷಗಳಾದವು.

ಮೇಜಿ ಚಕ್ರವರ್ತಿಯ ಕಾಲದಲ್ಲಿ ಜಪಾನು ಪಾಶ್ಚಾತ್ಯ ವಿದ್ಯೆಗಳನ್ನೆಲ್ಲ ಆತುರಾತುರವಾಗಿ ಕಲಿಯುತ್ತಿತ್ತು. ಇಸಾವಾ ಶೂಜಿ ಎಂಬ ತರುಣ ಶಿಕ್ಷಣತಜ್ಞನನ್ನು ಸರ್ಕಾರವು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತಕ್ಕೆ ಕಳುಹಿಸಿತು. ಉಪಾಧ್ಯಾಯರ ಶಿಕ್ಷಣ ಶಾಲೆಯಲ್ಲಿ ಆತನಿಗೆ ಎಲ್ಲ ವಿಷಯಗಳೂ ಕೈವಶವಾದವು; ಸಂಗೀತವೊಂದು ಮಾತ್ರ ಆಗಲಿಲ್ಲ. ಪಾಶ್ಚಾತ್ಯ ಸ್ವರಸಪ್ತಕವು ಆತನ ಕಂಠಕ್ಕೆ ಒಗ್ಗಲೊಲ್ಲದು. ಆ ಪಾಠದಿಂದ ನಿನಗೆ ವಿನಾಯಿತಿ ಕೊಡುತ್ತೇವೆಂದು ಶಾಲೆಯವರು ಹೇಳಿದಾಗ, ಅದನ್ನೊಂದು ಅಪಮಾನವೆಂದೆಣಿಸಿ ಆತ ಕಣ್ಣೀರಿಟ್ಟನಂತೆ. ತರುವಾಯ ಬಾಸ್ಟನ್ನಿನ ಶಾಲೆಗಳಲ್ಲಿ ಸಂಗೀತ ಕಲಿಸುತ್ತಿದ್ದ ಲೂಥರ್ ವೈಟಿಂಗ್ ಮೇಸನ್ ಎಂಬವರ ಬಳಿ ಹಟ ಹಿಡಿದು ಅಭ್ಯಾಸ ಮಾಡಿದ. ಸ್ವದೇಶಕ್ಕೆ ಮರಳಿದ ಮೇಲೆ 1880ರಲ್ಲಿ ಅದೇ ಗುರುವನ್ನು ಜಪಾನಿಗೆ ಕರೆಯಿಸಿಕೊಂಡ. ಇವರಿಬ್ಬರ ಶ್ರಮದಿಂದ ಸಿದ್ಧವಾದ ಪ್ರಾಥಮಿಕ ಶಾಲೆಗಳ ಗೀತಸಂಗ್ರಹದ ಮೊದಲ ಸಂಪುಟದಲ್ಲಿ ಮಿಂಚುಹುಳುವಿನ ಬೆಳಕು ಎಂಬ ಹಾಡಿದೆ. ಜಪಾನೀಯರು ಅದನ್ನು ಹೊತಾರು ನೊ ಹಿಕಾರಿ ಎನ್ನುತ್ತಾರೆ. ಮಾತುಗಳು ಇನಾಗಾಕಿ ಚಿಕಾಯ್ ಎಂಬವರವು. ಧಾಟಿ ಸ್ಕಾಟ್ಲೆಂಡಿನ 'ಆಲ್ಡ್ ಲ್ಯಾಂಗ್ ಸೈನ್'.

ಆ ಧಾಟಿಯನ್ನು ನೀವು ಕೇಳಿಯೇ ಇರುತ್ತೀರಿ. ಡೆಹರಾಡೂನಿನ ಸೈನಿಕ ವಿದ್ಯಾಲಯದಿಂದ ತರುಣ ಅಧಿಕಾರಿಗಳು ಹೊರಬೀಳುವ ದಿನ ವಾದ್ಯದವರು ನುಡಿಸುವುದು ಇದನ್ನೇ. ರವೀಂದ್ರನಾಥ ಠಾಕೂರರು ಹಳೆಯ ದಿನಗಳನ್ನು ನೆನೆದು ರಚಿಸಿದ ಒಂದು ಬಂಗಾಳಿ ಗೀತಕ್ಕೂ ಇದೇ ಮೂಲ. ನಮ್ಮ ಕಿವಿಗೆ ಇದು ಪರಕೀಯವೆನಿಸದಿರುವುದಕ್ಕೆ ಕಾರಣವಿದೆ. ಇದರಲ್ಲಿ ಮಧ್ಯಮವಿಲ್ಲ, ನಿಷಾದವಿಲ್ಲ. ಉಳಿದ ಐದು ಸ್ವರಗಳು ನಮ್ಮ ಮೋಹನ ರಾಗದವು. ಜಪಾನೀಯರ ಕಿವಿಗೂ ಪಂಚಸ್ವರಗಳ ಸಂಚಾರವೇ ಪರಿಚಿತವಾದುದು. ಪಾಶ್ಚಾತ್ಯ ಸಪ್ತಕದೊಡನೆ ಹೋರಾಡಿದ್ದ ಇಸಾವಾನಿಗೆ, ತನ್ನ ನಾಡಿನ ಮಕ್ಕಳ ಕಂಠಕ್ಕೆ ಯಾವುದು ಸುಲಭವಾಗಿ ಇಳಿಯುವುದೆಂದು ಅನುಭವದಿಂದಲೇ ಗೊತ್ತಾಗಿದ್ದಿರಬೇಕು.

ಹಾಡಿನ ಹೆಸರಿನಲ್ಲಿರುವ ಮಿಂಚುಹುಳು ಚೀನಾದೇಶದ ಒಂದು ಹಳೆಯ ಕಥೆಯಿಂದ ಬಂದದ್ದು. ದೀಪಕ್ಕೆ ಎಣ್ಣೆ ಕೊಳ್ಳಲಾರದ ಒಬ್ಬ ಬಡ ವಿದ್ಯಾರ್ಥಿ ಮಿಂಚುಹುಳುಗಳನ್ನು ಬಟ್ಟೆಯ ಚೀಲದಲ್ಲಿ ಹಿಡಿದಿಟ್ಟುಕೊಂಡು ಓದಿದನಂತೆ. ಇನ್ನೊಬ್ಬ ಕಿಟಕಿಯ ಹೊರಗೆ ಬಿದ್ದ ಹಿಮದ ಬೆಳಕಿನಲ್ಲಿ ಓದಿದನಂತೆ. ಹೀಗೆ ಕಷ್ಟಪಟ್ಟು ಓದಿದವರು ಬೇರೆಬೇರೆ ದಾರಿ ಹಿಡಿಯುವ ದಿನ ಬಂದಿತೆಂಬುದು ಹಾಡಿನ ಭಾವ. ಆದರೆ ಮೂಲದಲ್ಲಿದ್ದ ನಾಲ್ಕು ಚರಣಗಳ ಪೈಕಿ ಕಡೆಯ ಎರಡರಲ್ಲಿ ಅಗಲಿಕೆಯ ದುಃಖ ಹಿಂದೆ ಸರಿದು ದೇಶಸೇವೆ, ಗಡಿನಾಡುಗಳ ರಕ್ಷಣೆ ಮುಂದೆ ಬರುತ್ತವೆ. ಎರಡನೆಯ ಮಹಾಯುದ್ಧದ ತರುವಾಯ ಆ ಚರಣಗಳನ್ನು ಶಾಲೆಗಳು ಬಿಟ್ಟುಬಿಟ್ಟವು.

ಮತ್ತೊಂದು ಹಾಡು 1884ರ ಸಂಪುಟದಲ್ಲಿ ಬಂದ ಆಓಗೆಬಾ ತೋತೊಶಿ. ತಲೆಯೆತ್ತಿ ನೋಡಿದರೆ ಎಷ್ಟು ಪೂಜ್ಯವಾದುದು ಗುರುವಿನ ಉಪಕಾರವೆಂಬ ಭಾವದಿಂದ ಮೊದಲಾಗುವ ಗೀತವಿದು. ಅದರ ನಡೆ ತೂಗಿ ತೂಗಿ ನಡೆಯುವ ತಿಶ್ರದ ನಡೆ. ಕೊನೆಯ ಸಾಲಿಗೆ ಮುನ್ನ ಒಂದು ಸ್ವರದ ಮೇಲೆ ಹಾಡು ತಡೆದು ನಿಲ್ಲುತ್ತದೆ. ಅಳುವವರು ಅಳುವುದು ಅಲ್ಲಿ. ಇದರ ಧಾಟಿಯ ಮೂಲ ಯಾವುದೆಂಬುದು ಒಂದು ಶತಮಾನಕ್ಕೂ ಹೆಚ್ಚು ಕಾಲ ಯಾರಿಗೂ ಗೊತ್ತಿರಲಿಲ್ಲ. ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಊಹೆ ಮಾಡಿದರು. 2011ರಲ್ಲಿ ಸಾಕುರಾಯ್ ಮಸಾತೊ ಎಂಬ ಪ್ರಾಧ್ಯಾಪಕರು, 1871ರಲ್ಲಿ ಅಮೆರಿಕದಲ್ಲಿ ಅಚ್ಚಾದ ಒಂದು ಶಾಲಾಗೀತೆಗಳ ಪುಸ್ತಕದಲ್ಲಿ ಈ ಧಾಟಿಯನ್ನು ಕಂಡುಹಿಡಿದರು. ಅಲ್ಲಿಯೂ ಅದು ಶಾಲೆ ಬಿಡುವ ದಿನದ ಹಾಡೇ. ಅದು ಹುಟ್ಟಿದ ನೆಲದಲ್ಲಿ ಯಾರೂ ಅದನ್ನು ನೆನೆಯದೆ ಹೋದರು. ಜಪಾನಿನಲ್ಲಿ, ಅಲ್ಲಿಂದ ತೈವಾನಿನಲ್ಲಿ, ತಲೆಮಾರುಗಳು ಅದನ್ನು ಹಾಡಿಕೊಂಡು ಬಂದವು. ಕಿನೊಶಿತಾ ಕೆಯಿಸುಕೆ 1954ರಲ್ಲಿ ತೆಗೆದ 'ಇಪ್ಪತ್ತನಾಲ್ಕು ಕಣ್ಣುಗಳು' ಚಿತ್ರವನ್ನು ನೋಡಿದವರಿಗೆ ಈ ಹಾಡಿನ ಶಕ್ತಿಯನ್ನು ನಾನು ಬಣ್ಣಿಸಬೇಕಾಗಿಲ್ಲ.

ಇದುವರೆಗೆ ಹೇಳಿದ್ದನ್ನು ಒಮ್ಮೆ ನೆನೆಯೋಣ. ಹಳೆಯ ಹಾಡುಗಳು ಎರಡು. ಧಾಟಿಗಳು ಹೊರಗಿನಿಂದ ಬಂದವು. ಒಂದರಲ್ಲಿ ಮಗು ಕಡೆಗೆ ದೇಶದತ್ತ ಮುಖಮಾಡುತ್ತದೆ, ಇನ್ನೊಂದರಲ್ಲಿ ಗುರುವಿನತ್ತ. ಮಗುವಿನ ಬಾಯಿಯಲ್ಲಿ ಆ ಮಾತುಗಳನ್ನಿಟ್ಟವರು ಹಿರಿಯರು.

ಹಾಗಾದರೆ ಅವು ಏತಕ್ಕೆ ಹಿಂದೆ ಸರಿದವು? ಪೂರ್ತಿಯಾಗಿ ಸರಿಯಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಇಂದಿಗೂ ಅವನ್ನು ಹಾಡುವ ಶಾಲೆಗಳಿವೆ. ಆದರೆ ಅವುಗಳ ಭಾಷೆ ಪ್ರಾಚೀನವಾದುದು. ಹನ್ನೆರಡು ವರ್ಷದ ಮಗು ಅರ್ಥವನ್ನರಿಯದೆ ಶಬ್ದಗಳನ್ನಷ್ಟೆ ಉಚ್ಚರಿಸುತ್ತಿತ್ತು. ಗುರುವಂದನೆಯ ಗೀತದ ಎರಡನೆಯ ಚರಣದಲ್ಲಿ ಲೋಕದಲ್ಲಿ ಮೇಲೆ ಬಂದು ಹೆಸರು ಗಳಿಸಬೇಕೆಂಬ ಉಪದೇಶವಿದೆ. ಯುದ್ಧಾನಂತರದ ಸಮಾನತೆಯ ಕಾಲಕ್ಕೆ ಅದು ರುಚಿಸಲಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವೂ ಉಂಟು. ತಮ್ಮ ಉಪಕಾರವನ್ನು ಹೊಗಳುವ ಹಾಡನ್ನು ತಾವೇ ಮಕ್ಕಳಿಗೆ ಹೇಳಿಕೊಟ್ಟು, ತಾವೇ ಎದುರಿಗೆ ನಿಂತು ಕೇಳುವುದು ಉಪಾಧ್ಯಾಯರಿಗೆ ಸಂಕೋಚವೆನಿಸತೊಡಗಿತು. ಆ ಸಂಕೋಚವನ್ನು ನಾನು ಗೌರವಿಸುತ್ತೇನೆ.

ಮಿಂಚುಹುಳುವಿನ ಹಾಡಿಗಾದರೋ ಬೇರೊಂದು ಗತಿ ಒದಗಿತು. ಅದೇ ಧಾಟಿಯನ್ನು ಕೊಸೆಕಿ ಯೂಜಿ ಎಂಬ ಪ್ರಸಿದ್ಧ ಸಂಗೀತಗಾರರು ಮೂರು ಎಣಿಕೆಯ ವಾಲ್ಟ್ಸ್ ನಡೆಗೆ ಅಳವಡಿಸಿದರು; ದೊಡ್ಡ ದೊಡ್ಡ ಅಂಗಡಿಗಳಲ್ಲಿ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಅದನ್ನು ನುಡಿಸುವುದು ರೂಢಿಯಾಯಿತು. ಆದುದರಿಂದ ಇಂದಿನ ಅನೇಕ ಜಪಾನೀಯರಿಗೆ ಆ ಧಾಟಿ ಕಿವಿಗೆ ಬಿದ್ದೊಡನೆ ಗೆಳೆಯರ ನೆನಪಿಗಿಂತ ಮೊದಲು ಬರುವುದು, ಬೇಗ ಹಣ ಕೊಟ್ಟು ಹೊರಡಬೇಕೆಂಬ ಅವಸರ.

ನಡುವಿನ ಕಾಲದ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. 1979ರಲ್ಲಿ ಕಿಂಪಾಚಿ ಎಂಬ ಮಾಧ್ಯಮಿಕ ಶಾಲೆಯ ಮೇಷ್ಟರ ಕಥೆ ದೂರದರ್ಶನದಲ್ಲಿ ಬಂತು. ಆ ಪಾತ್ರ ವಹಿಸಿದ ತಾಕೆದಾ ತೆತ್ಸುಯಾ ಅವರೇ ಬರೆದು, ತಮ್ಮ ಕಾಯೆಂತಾಯ್ ತಂಡದೊಡನೆ ಹಾಡಿದ ಒಕುರು ಕೊತೊಬಾ ಎಂಬ ಗೀತ ಮನೆಮಾತಾಯಿತು. ದೇಶವೆಲ್ಲ ಅದನ್ನು ಮೇಷ್ಟರು ಮಕ್ಕಳಿಗೆ ಹೇಳಿದ ಮಾತೆಂದು ತಿಳಿಯಿತಾದರೂ, ಅದು ತಮ್ಮ ಕೈಬಿಟ್ಟುಹೋದ ಪ್ರೇಮದ ನೆನಪಿನಲ್ಲಿ ಹುಟ್ಟಿದುದೆಂದು ಅವರೇ ಹೇಳಿದ್ದಾರೆ. 1985ರಲ್ಲಿ ಓಜಾಕಿ ಯುತಾಕಾ ಶಾಲೆಯ ಕಟ್ಟಳೆಗಳ ಮೇಲೆ ಕಿಡಿಕಾರುವ ಹಾಡನ್ನು ಹಾಡಿದ. ಅದರ ಹೆಸರೂ ಬೀಳ್ಕೊಡುಗೆಯೇ. ಆದರೆ ಅದನ್ನು ಯಾವ ಮುಖ್ಯೋಪಾಧ್ಯಾಯರು ತಮ್ಮ ಸಮಾರಂಭದಲ್ಲಿ ಹಾಡಿಸಿಯಾರು! ಇವೆಲ್ಲ ಇಂದು ಐವತ್ತು, ಅರುವತ್ತು ಮುಟ್ಟಿದವರ ಹಾಡುಗಳು. ನಮ್ಮ ಮೂವತ್ತರವರ ಕಥೆ ಇಲ್ಲಿಂದ ಮುಂದೆ.

ಆ ಕಥೆ ಮೊದಲಾಗುವುದು ಒಂದು ಗುಡ್ಡಗಾಡಿನ ಊರಿನಲ್ಲಿ. ತೋಕಿಯೊ ನಗರದಿಂದ ರೈಲಿನಲ್ಲಿ ಒಂದೂವರೆ ಗಂಟೆಯಷ್ಟು ದೂರ ಹೋದರೆ, ಸೈತಾಮಾ ಪ್ರಾಂತದಲ್ಲಿ ಬೆಟ್ಟಗಳಿಂದ ಸುತ್ತುವರಿದ ಚಿಚಿಬು ಎಂಬ ತಗ್ಗು ಪ್ರದೇಶ ಸಿಗುತ್ತದೆ. ಅಲ್ಲಿ ಬುಕೋ ಎಂಬ ಪರ್ವತವಿದೆ. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ತೆಗೆದು ತೆಗೆದು ಅದರ ಒಂದು ಮೈಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಿಳಿಚಿಕೊಂಡಿದೆ. ಆ ಕಡೆಯ ಕಾಗೆಮೊರಿ ಎಂಬಲ್ಲಿ ಒಂದು ಸರ್ಕಾರಿ ಮಾಧ್ಯಮಿಕ ಶಾಲೆ.

1980ರ ದಶಕದಲ್ಲಿ ಜಪಾನಿನ ಮಾಧ್ಯಮಿಕ ಶಾಲೆಗಳ ಸ್ಥಿತಿ ಚೆನ್ನಾಗಿರಲಿಲ್ಲ. ಹುಡುಗರು ಕಿಟಕಿ ಒಡೆಯುವುದು, ಉಪಾಧ್ಯಾಯರ ಮೇಲೆ ಕೈಮಾಡುವುದು ದೇಶವ್ಯಾಪಿಯಾದ ಪಿಡುಗಾಗಿತ್ತು. ಆ ದಶಕದ ಕೊನೆಯಲ್ಲಿ ಕಾಗೆಮೊರಿಯ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದ ಕೊಜಿಮಾ ನೊಬೊರು ಎಂಬವರು, ಈ ಒರಟುತನಕ್ಕೆ ದಂಡನೆಯ ಬದಲು ಒಂದು ವಿಚಿತ್ರವಾದ ಔಷಧವನ್ನು ಆರಿಸಿಕೊಂಡರು. ಶಾಲೆಯಲ್ಲಿ ಸದಾ ಹಾಡು ಕೇಳಿಸುತ್ತಿರಬೇಕು ಎಂದರು. ಸಂಗೀತದ ಉಪಾಧ್ಯಾಯಿನಿ ಸಾಕಾಮೊತೊ ಹಿರೋಮಿ ಎಂಬ ತರುಣಿ. ಮೊದಮೊದಲು ಮಕ್ಕಳು ಬಾಯಿ ತೆರೆಯಲೊಲ್ಲರು, ಆಕೆ ಬಿಡಲೊಲ್ಲರು. ಕ್ರಮೇಣ ಶಾಲೆಗೆ ದನಿ ಬಂತು.

1991ರ ವಸಂತ. ಹೊರಡುವ ಮಕ್ಕಳಿಗೆ ಲೋಕದಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಒಂದು ಉಡುಗೊರೆಯನ್ನು ಕೊಡಬೇಕೆಂದು ಸಾಕಾಮೊತೊ ಅವರಿಗೆ ಅನ್ನಿಸಿತು. ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ, ಒಂದು ಹಾಡಿಗೆ ಮಾತು ಬರೆದುಕೊಡಿ ಎಂದರು. ನನಗೆ ಅಂಥ ಪ್ರತಿಭೆಯಿಲ್ಲವೆಂದು ಅವರು ನಿರಾಕರಿಸಿದರು. ಮರುದಿನ ಬೆಳಗ್ಗೆ ಆಕೆ ಬಂದು ನೋಡುವಾಗ ತನ್ನ ಮೇಜಿನ ಮೇಲೆ ಹಾಡು ಬರೆದ ಕಾಗದವಿತ್ತು. ಪಾಠವಿಲ್ಲದ ಒಂದು ಬಿಡುವಿನ ವೇಳೆಯಲ್ಲಿ ಆಕೆ ಸಂಗೀತದ ಕೊಠಡಿಗೆ ಹೋಗಿ ಪಿಯಾನೊ ಮುಂದೆ ಕುಳಿತರು. ಕಾಲುಗಂಟೆಯಷ್ಟರಲ್ಲಿ ಧಾಟಿ ಸಿದ್ಧವಾಯಿತು. ಹೀಗೆ ಹುಟ್ಟಿದ ಹಾಡೇ ತಬಿದಾಚಿ ನೊ ಹಿ ನಿ. ಪಯಣ ಹೊರಡುವ ದಿನದಂದು ಎಂದು ಅದರ ಅರ್ಥ.

ಶ್ರೋತೃಗಳು ಒಂದು ಅಂಶವನ್ನು ಗಮನಿಸಬೇಕು. ಆ ವರ್ಷ ಈ ಹಾಡನ್ನು ಹಾಡಿದವರು ಮಕ್ಕಳಲ್ಲ. ಮೂರನೆಯ ವರ್ಷದವರನ್ನು ಕಳುಹಿಸಿಕೊಡುವ ಕೂಟದಲ್ಲಿ ಉಪಾಧ್ಯಾಯರೆಲ್ಲರೂ ವೇದಿಕೆಯನ್ನೇರಿ, ಮುನ್ಸೂಚನೆಯಿಲ್ಲದೆ, ಮಕ್ಕಳಿಗೆ ಹಾಡಿ ತೋರಿಸಿದರು. ನೂರು ವರ್ಷ ಮಕ್ಕಳು ಗುರುಗಳಿಗೆ ಹಾಡಿದ್ದಾಗಿತ್ತು. ಈಗ ಗುರುಗಳು ಮಕ್ಕಳಿಗೆ ಹಾಡಿದರು. ನನ್ನ ದೃಷ್ಟಿಯಲ್ಲಿ ಜಪಾನಿನ ಬೀಳ್ಕೊಡುಗೆಯ ಹಾಡುಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಮತ್ತೊಂದಿಲ್ಲ. ಕೊಜಿಮಾ ಅವರು ಆ ವರ್ಷವೇ ನಿವೃತ್ತರಾದರು. ಅದೊಂದೇ ಸಲಕ್ಕೆಂದು ಮಾಡಿದ ಹಾಡು, ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಮುಂದಿನ ವರ್ಷಗಳ ಮಕ್ಕಳು ಅದನ್ನು ತಾವೇ ಹಾಡತೊಡಗಿದರು. ಮತ್ಸುಯ್ ತಕಾಓ ಎಂಬವರು ಅದನ್ನು ಸಮೂಹಗಾನಕ್ಕೆ ಹೊಂದಿಸಿದರು. ಸಂಗೀತ ಶಿಕ್ಷಕರ ಪತ್ರಿಕೆಯ ಮೂಲಕ ಅದು ಶಾಲೆಯಿಂದ ಶಾಲೆಗೆ ಹರಡಿತು. ಇಪ್ಪತ್ತೊಂದನೆಯ ಶತಮಾನ ಮೊದಲಾಗುವ ಹೊತ್ತಿಗೆ ಹೊಕ್ಕೈದೊ ದ್ವೀಪದಿಂದ ಒಕಿನಾವಾವರೆಗೆ ಅದನ್ನು ಹಾಡದ ಜಿಲ್ಲೆಯಿರಲಿಲ್ಲ. ಯಾವ ಹಾಡುಗಾರನ ಬೆಂಬಲವೂ ಇಲ್ಲದೆ, ಯಾವ ಜಾಹೀರಾತೂ ಇಲ್ಲದೆ, ಉಪಾಧ್ಯಾಯರ ಕೈಯಿಂದ ಕೈಗೆ ದಾಟಿದ ಹಾಡು. ಜಾಹೀರಾತು ಆಮೇಲೆ ತಾನಾಗಿಯೇ ಬಂತೆನ್ನಿ. 2007ರಲ್ಲಿ ಸ್ಮಾಪ್ ಎಂಬ ಜನಪ್ರಿಯ ಗಾಯಕತಂಡ ಒಂದು ದೂರವಾಣಿ ಸಂಸ್ಥೆಯ ಪ್ರಚಾರಕ್ಕಾಗಿ ಅದನ್ನು ಹಾಡಿತು.

ಈ ಹಾಡು ಹದಿನೈದು ವರ್ಷದವರ ಕಂಠಕ್ಕೆ ಹೇಗೆ ಒಪ್ಪುತ್ತದೆಂಬುದನ್ನೂ ಹೇಳಬೇಕು. ಆ ವಯಸ್ಸಿನಲ್ಲಿ ಹುಡುಗರ ದನಿ ಒಡೆದಿರುತ್ತದೆ. ಗಂಡಸಿನ ದನಿಯೂ ಅಲ್ಲ, ಮಗುವಿನ ದನಿಯೂ ಅಲ್ಲ. ಆದುದರಿಂದ ಅಲ್ಲಿಯ ಮಾಧ್ಯಮಿಕ ಶಾಲೆಗಳ ಸಮೂಹಗಾನದಲ್ಲಿ ಸಾಮಾನ್ಯವಾಗಿ ಹುಡುಗಿಯರಿಗೆ ಮೇಲಿನದೊಂದು, ಕೆಳಗಿನದೊಂದು ಎಂದು ಎರಡು ಪಂಕ್ತಿಗಳನ್ನೂ, ಹುಡುಗರಿಗೆಲ್ಲ ಸೇರಿ ಒಂದೇ ಪಂಕ್ತಿಯನ್ನೂ ಕೊಡುತ್ತಾರೆ. ಈ ಹಾಡು ಎಲ್ಲರೂ ಒಂದೇ ಸ್ವರದಲ್ಲಿ, ಮೆಲ್ಲಗೆ, ಮಾತನಾಡಿದಂತೆ ಮೊದಲಾಗುತ್ತದೆ. ಬರಬರುತ್ತ ಪಂಕ್ತಿಗಳು ಬೇರೆಯಾಗುತ್ತವೆ, ಕಾಲ ಬಿರುಸಾಗುತ್ತದೆ, ಹುಡುಗಿಯರು ಹೇಳಿದುದಕ್ಕೆ ಹುಡುಗರು ಕೆಳಗಿನಿಂದ ಉತ್ತರ ಕೊಡುತ್ತಾರೆ. ಜಪಾನಿನ ಶಾಲೆಗಳಲ್ಲಿ ತರಗತಿ ತರಗತಿಗೂ ಸಮೂಹಗಾನದ ಸ್ಪರ್ಧೆ ನಡೆಯುವುದು ವಾಡಿಕೆ. ಕೋಲು ಹಿಡಿದು ನಡೆಸುವವನೂ ವಿದ್ಯಾರ್ಥಿ, ಪಿಯಾನೊ ನುಡಿಸುವವಳೂ ವಿದ್ಯಾರ್ಥಿನಿ. ಆದುದರಿಂದಲೇ ಇಂದು ಮೂವತ್ತೈದರ ಒಬ್ಬ ಗುಮಾಸ್ತನನ್ನು ಹಾಡೆಂದರೆ, ಅವನು ಹಾಡಿನ ಮುಖ್ಯ ಧಾಟಿಯನ್ನು ಬಿಟ್ಟು ತಾನು ಅಂದು ಹಾಡಿದ್ದ ಕೆಳಗಿನ ಪಂಕ್ತಿಯನ್ನಷ್ಟೆ ಹಾಡಿಬಿಡುವುದುಂಟು. ಉಳಿದ ಎರಡು ಪಂಕ್ತಿಗಳು ಅವನ ಗೆಳತಿಯರ ಬಳಿ ಇವೆ. ಅವರು ಯಾವ ಯಾವ ಊರಿನಲ್ಲಿದ್ದಾರೋ!

ಮತ್ತೆ ಒಮ್ಮೆ ನೆನೆಯೋಣ. ಮೊದಲು ಮಗು ಗುರುವಿಗೂ ದೇಶಕ್ಕೂ ಹಾಡಿತು. ಆಮೇಲೆ, ಚಿಚಿಬುವಿನ ಬೆಟ್ಟಗಳ ನಡುವೆ, ಗುರು ಮಗುವಿಗೆ ಹಾಡಿದ. ಮಕ್ಕಳು ಅದನ್ನೆತ್ತಿಕೊಂಡು ಒಬ್ಬರಿಗೊಬ್ಬರು ಹಾಡಿಕೊಂಡರು. ಈಗ ಮೂರನೆಯ ಹೆಜ್ಜೆ.

2000ದಿಂದೀಚೆಗೆ ಬಾನುಲಿ ದೂರದರ್ಶನಗಳ ಜನಪ್ರಿಯ ಗಾಯಕರು ಶಾಲೆಯ ವೇದಿಕೆಗೆ ಬಂದರು. ಅವರೇ ಬಂದರೆನ್ನುವುದಕ್ಕಿಂತ ಮಕ್ಕಳು ಅವರನ್ನು ಕರೆತಂದರೆನ್ನುವುದು ಸರಿ. ರೆಮಿಓರೊಮೆನ್ ಎಂಬ ತಂಡ ಯಾಮಾನಾಶಿ ಪ್ರಾಂತದ ಮೂವರು ಬಾಲ್ಯಸ್ನೇಹಿತರದು. 'ಮಾರ್ಚ್ 9' ಎಂಬ ಅವರ ಹಾಡು 2004ರಲ್ಲಿ ಬಂತು. ಅದು ಒಬ್ಬ ಗೆಳೆಯನ ಮದುವೆಗೆ ಬರೆದದ್ದು. ಮದುವೆ ಆ ದಿನ ನಡೆಯಿತು, ಹಾಡಿಗೆ ಆ ಹೆಸರು ಬಂತು, ಅಷ್ಟೆ. ಆದರೆ ಆ ದಿನ ಬೀಳ್ಕೊಡುಗೆಗಳ ಋತುವಿನ ನಡುವಿನಲ್ಲಿದೆ. ಮರುವರ್ಷ 'ಒಂದು ಲೀಟರ್ ಕಣ್ಣೀರು' ಎಂಬ ದೂರದರ್ಶನದ ಕಥೆಯಲ್ಲಿ, ವಾಸಿಯಾಗದ ರೋಗಕ್ಕೆ ತುತ್ತಾದ ಹುಡುಗಿಗಾಗಿ ಅವಳ ತರಗತಿಯವರು ಅದನ್ನು ಸಮೂಹವಾಗಿ ಹಾಡಿದರು. ಅಲ್ಲಿಂದ ಮದುವೆಯ ಹಾಡು ಶಾಲೆಯ ಹಾಡಾಯಿತು. ಇಂದು ಅದು ಮದುವೆಯದೆಂದರೆ ಮೂವತ್ತರವರಲ್ಲಿ ಅನೇಕರು ನಂಬುವುದಿಲ್ಲ.

ಚೆರಿ ಹೂವಿನ ಹಾಡುಗಳ ವಿಷಯದಲ್ಲಿ ಮಾತ್ರ ನನ್ನ ಉತ್ಸಾಹ ಸ್ವಲ್ಪ ಕಡಮೆ. 2003ರಿಂದ 2006ರೊಳಗೆ ಮೊರಿಯಾಮಾ ನಾಓತಾರೊ, ಕೆತ್ಸುಮೆಯಿಶಿ, ಕೊಬುಕುರೊ, ಇಕಿಮೊನೊ ಗಾಕಾರಿ ಎಂಬ ಗಾಯಕರೂ ತಂಡಗಳೂ ಸಾಕುರಾ, ಎಂದರೆ ಚೆರಿ, ಎಂಬ ಒಂದೇ ಹೆಸರಿನ ನಾಲ್ಕು ಹಾಡುಗಳನ್ನು ಹೊರತಂದರು. ಮೊರಿಯಾಮಾ ಒಂದೇ ಪಿಯಾನೊ ಇಟ್ಟುಕೊಂಡು ಹಾಡಿದ್ದು ನಿಜವಾಗಿಯೂ ಉತ್ತಮವಾದುದು. ಉಳಿದವುಗಳ ಹಿಂದೆ ಬಂದ ಅನುಕರಣೆಗಳ ರಾಶಿಯನ್ನು ನೆನೆದರೆ ಹೂವೇ ಬೇಸರವಾಗುತ್ತದೆ. ಸತ್ಯವೇನೆಂದರೆ, ತೋಕಿಯೊ ನಗರದಲ್ಲಿ ಚೆರಿ ಅರಳುವುದು ಸಾಮಾನ್ಯವಾಗಿ ಮಾರ್ಚಿನ ಕಡೆಯ ವಾರದಲ್ಲಿ. ಬೀಳ್ಕೊಡುಗೆಗಳು ಬಹುಮಟ್ಟಿಗೆ ಅದಕ್ಕೆ ಮುಂಚೆಯೇ ಮುಗಿದಿರುತ್ತವೆ. ಹೊಕ್ಕೈದೊವಿನಲ್ಲಂತೂ ಆಗ ಹಿಮ ಕರಗಿಯೇ ಇರುವುದಿಲ್ಲ. ಅಲ್ಲಿಯ ಮಕ್ಕಳೂ ಅದೇ ಹೂವಿನ ಹಾಡನ್ನೇ ಹಾಡಿ ಹಿಮವನ್ನು ತುಳಿದುಕೊಂಡು ಮನೆಗೆ ಹೋಗುತ್ತಾರೆ.

ಇನ್ನು ನನಗೆ ಎಲ್ಲಕ್ಕಿಂತ ಅರ್ಥವತ್ತಾಗಿ ತೋರುವ ಹಾಡಿಗೆ ಬರುತ್ತೇನೆ. ಜಪಾನಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆ 1932ರಿಂದಲೂ ಮಕ್ಕಳ ಗಾಯನಸ್ಪರ್ಧೆಯನ್ನು ನಡೆಸಿಕೊಂಡು ಬಂದಿದೆ. ಅದು ಬಾನುಲಿಯ ಕೂಸು ಎಂಬುದನ್ನು ಬಾನುಲಿಯ ಈ ಪೀಠದಿಂದ ಹೇಳಲು ನನಗೆ ಸಂತೋಷ. ಪ್ರತಿವರ್ಷ ಒಂದು ಹಾಡನ್ನು ಗೊತ್ತುಮಾಡುತ್ತಾರೆ. ದೇಶದ ಶಾಲಾತಂಡಗಳು ತಿಂಗಳುಗಟ್ಟಲೆ ಅದನ್ನೇ ಸಾಧನೆ ಮಾಡುತ್ತವೆ. 2008ರಲ್ಲಿ ಮಾಧ್ಯಮಿಕ ಶಾಲೆಗಳಿಗೆ ಹಾಡು ಕಟ್ಟಿಕೊಟ್ಟವರು ಆಂಜೆಲಾ ಆಕಿ. ಆಕೆ ತೊಕುಶಿಮಾ ಪ್ರಾಂತದಲ್ಲಿ ಹುಟ್ಟಿ, ಹದಿನೈದರ ಹೊತ್ತಿಗೆ ಹವಾಯಿ ದ್ವೀಪಕ್ಕೆ ಹೋದವರು.

ಆಕೆಗೆ ಮೂವತ್ತು ತುಂಬಿದ ದಿನ ತಾಯಿ ಒಂದು ಲಕೋಟೆಯನ್ನು ಕಳುಹಿಸಿದರು. ಒಳಗಿದ್ದದ್ದು ಆಕೆಯೇ ಹದಿಹರೆಯದಲ್ಲಿ, ಮುಂದೆ ದೊಡ್ಡವಳಾಗುವ ತನಗೆ ತಾನೇ ಬರೆದಿಟ್ಟಿದ್ದ ಪತ್ರ. ಆ ಪತ್ರದಿಂದ ಹುಟ್ಟಿತು ಹಾಡು. ಅದರ ಹೆಸರು ತೆಗಾಮಿ, ಎಂದರೆ ಪತ್ರ. ಹದಿನೈದರ ನಿನಗೆ ಎಂಬ ಒಕ್ಕಣೆ ಅದರ ಜೊತೆಗಿದೆ. ಹಾಡಿನ ಮೊದಲ ಭಾಗದಲ್ಲಿ ಹದಿನೈದು ವರ್ಷದ ಮಗು, ಯಾರಿಗೂ ಹೇಳಿಕೊಳ್ಳಲಾಗದ ತನ್ನ ಸಂಕಟವನ್ನು ಭವಿಷ್ಯದಲ್ಲಿರುವ ತನಗೆ ನಿವೇದಿಸಿಕೊಳ್ಳುತ್ತದೆ. ಎರಡನೆಯ ಭಾಗದಲ್ಲಿ ದೊಡ್ಡವರಾದ ಅದೇ ಜೀವ ಉತ್ತರ ಬರೆಯುತ್ತದೆ. ಆ ಉತ್ತರದಲ್ಲಿ ಸುಲಭವಾದ ಸಾಂತ್ವನವಿಲ್ಲ. ದೊಡ್ಡವರಾದ ಮೇಲೂ ನೋವು ತಪ್ಪಿದ್ದಲ್ಲ, ನಿದ್ದೆ ಬಾರದ ರಾತ್ರಿಗಳು ತಪ್ಪಿದ್ದಲ್ಲ ಎಂದು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮಕ್ಕಳು ಅದನ್ನು ಸ್ಪರ್ಧೆಗೆ ಹಾಡಿದರು. ಸ್ಪರ್ಧೆ ಮುಗಿದ ಮೇಲೆ ಬೀಳ್ಕೊಡುಗೆಗೆ ಹಾಡಿದರು.

ಇಲ್ಲಿ ಗುರುವಿಲ್ಲ, ದೇಶವಿಲ್ಲ, ಗೆಳೆಯನೂ ಇಲ್ಲ. ಮಗು ತನಗೆ ತಾನೇ ಹಾಡುತ್ತದೆ. ಇದು ಸ್ವಾರ್ಥವಲ್ಲವೆ, ಗುರುಹಿರಿಯರ ಸ್ಮರಣೆ ಬೇಡವೆ ಎಂದು ಹಳೆಯ ಸಂಪ್ರದಾಯದವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಿರುಳಿಲ್ಲದೆ ಇಲ್ಲ. ಹಳೆಯ ಹಾಡು ಮಗುವನ್ನು ತನಗಿಂತ ಹಿರಿದಾದ ಒಂದರ ಮುಂದೆ ನಿಲ್ಲಿಸುತ್ತಿತ್ತು. ತಲೆ ಬಾಗಿಸುವುದನ್ನು ಕಲಿಸುತ್ತಿತ್ತು. ಆ ಶಿಕ್ಷಣದ ಬೆಲೆ ಕಡಮೆಯದಲ್ಲ. ಆದರೆ ಬೇರೆಯವರು ಬರೆದುಕೊಟ್ಟ ಕೃತಜ್ಞತೆಯನ್ನು ಅರ್ಥವರಿಯದೆ ಒಪ್ಪಿಸುವುದಕ್ಕಿಂತ, ತನ್ನ ಭಯವನ್ನು ತಾನೇ ಅರಿತು ಗಟ್ಟಿಯಾಗಿ ಹಾಡುವ ಹದಿನೈದರ ಮಗುವೇ ಹೆಚ್ಚು ಸತ್ಯವಂತವೆಂದು ನನಗನಿಸುತ್ತದೆ. ಸಮೂಹದಲ್ಲಿ ನಿಂತು ಹಾಡುವಾಗ ಆ ಭಯ ತನ್ನೊಬ್ಬನದಲ್ಲವೆಂದು ತಿಳಿದುಬರುವುದೂ ಒಂದು ಶಿಕ್ಷಣವೇ.

ಅಂದು ಹದಿನೈದಾಗಿದ್ದವರು ಇಂದು ಮೂವತ್ತು ದಾಟಿದ್ದಾರೆ. ಹಾಡಿನ ಮೊದಲ ಭಾಗವನ್ನು ಹಾಡಿದವರು ಈಗ ಎರಡನೆಯ ಭಾಗದ ವಯಸ್ಸಿಗೆ ಬಂದು ನಿಂತಿದ್ದಾರೆ. ಉತ್ತರ ಬರೆಯುವ ಸರದಿ ಅವರದಾಗಿದೆ. ಮೂವತ್ತರವರ ಸ್ಮರಣೆಯಲ್ಲಿ ಈ ಹಾಡಿಗಿರುವ ತೀವ್ರತೆ ಇದರಿಂದಲೇ ಬಂದದ್ದು. ಉಳಿದ ಹಾಡುಗಳು ಅವರನ್ನು ಹಿಂದಕ್ಕೆ ಕರೆದೊಯ್ಯುತ್ತವೆ. ಇದು ಅವರನ್ನು ಪ್ರಶ್ನಿಸುತ್ತದೆ.

ಈ ತಲೆಮಾರಿನವರಲ್ಲಿ ಒಂದು ವರ್ಗದವರ ಬೀಳ್ಕೊಡುಗೆ ಬೇರೆಯೇ ರೀತಿಯದಾಯಿತು. 2011ರ ಮಾರ್ಚ್ 11ರಂದು ಮಧ್ಯಾಹ್ನ ಈಶಾನ್ಯ ಜಪಾನಿನ ಕರಾವಳಿಯನ್ನು ಭೂಕಂಪವೂ ಸಮುದ್ರವೂ ಅಪ್ಪಳಿಸಿದವು. ಫುಕುಶಿಮಾ ಪ್ರಾಂತದ ಅನೇಕ ಮಾಧ್ಯಮಿಕ ಶಾಲೆಗಳಲ್ಲಿ ಅಂದು ಬೆಳಗ್ಗೆಯಷ್ಟೆ ಬೀಳ್ಕೊಡುಗೆ ನಡೆದಿತ್ತು. ಕೆಸೆನ್ನುಮಾ ನಗರದ ಹಶಿಕಾಮಿ ಶಾಲೆಯಲ್ಲಿ ಅದು ಮರುದಿನ ನಡೆಯಬೇಕಾಗಿತ್ತು. ನಡೆದದ್ದು 22ರಂದು, ನಿರಾಶ್ರಿತರು ತಂಗಿದ್ದ ವ್ಯಾಯಾಮಶಾಲೆಯಲ್ಲಿ. ಹೆಸರು ಕರೆದಾಗ ಓಗೊಡಬೇಕಾದವರೆಲ್ಲರೂ ಅಲ್ಲಿರಲಿಲ್ಲ. ಅಂದು ಹದಿನೈದಾಗಿದ್ದವರಿಗೆ ಈಗ ಮೂವತ್ತು. ಅವರ ಮುಂದೆ ನಾಸ್ಟಾಲ್ಜಿಯಾ ಎಂಬ ಹಗುರವಾದ ಮಾತನ್ನು ಆಡಲು ನನಗೆ ಮನಸ್ಸು ಬಾರದು.

ಇದಲ್ಲದೆ, ಜಪಾನಿನಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಈ ಶತಮಾನದಲ್ಲಿ ವರ್ಷಕ್ಕೆ ಸರಾಸರಿ 400ಕ್ಕೂ ಹೆಚ್ಚು ಸರ್ಕಾರಿ ಶಾಲೆಗಳು ಮುಚ್ಚಿಹೋಗಿವೆ. ಹಳ್ಳಿಗಾಡಿನಲ್ಲಿ ಓದಿದ ಮೂವತ್ತರವರು ಊರಿಗೆ ಹಿಂದಿರುಗಿದರೆ, ತಾವು ಹಾಡಿದ ವ್ಯಾಯಾಮಶಾಲೆ ಉಗ್ರಾಣವಾಗಿಯೋ ವೃದ್ಧರ ವಿಶ್ರಾಂತಿಗೃಹವಾಗಿಯೋ ಮಾರ್ಪಟ್ಟಿರುವುದನ್ನು ಕಾಣುವುದು ಅಪೂರ್ವವಲ್ಲ. ಆ ತಲೆಮಾರಿನವರೇ ಅನೇಕರು ಇಂದು ಶಾಲೆಗಳಲ್ಲಿ ಉಪಾಧ್ಯಾಯರು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ಶಾಲೆಗಳನ್ನು ಮುಚ್ಚಬೇಕಾಗಿ ಬಂದಾಗ, ಎಷ್ಟೋ ಕಡೆ ಬೀಳ್ಕೊಡುಗೆಯನ್ನು ಮೊಟಕುಗೊಳಿಸಿ, ಬಾಯಿ ತೆರೆದು ಹಾಡುವುದನ್ನೇ ಕೈಬಿಟ್ಟರು. ತಾವು ಮೂರು ಬಾರಿ ಹಾಡಿದ್ದನ್ನು ತಮ್ಮ ಮಕ್ಕಳಿಗೆ ಹಾಡಿಸಲಾರದೆ ಹೋದ ಆ ಉಪಾಧ್ಯಾಯರ ಕಷ್ಟವನ್ನು ನೀವೇ ಊಹಿಸಿಕೊಳ್ಳಿ.

ಶ್ರೋತೃಗಳೆ, ನನಗೆ ಕೊಟ್ಟ ವೇಳೆ ಮುಗಿಯುತ್ತ ಬಂತು. ಬೆಂಗಳೂರು, ಬಿಡದಿಗಳ ಕಡೆ ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಜಪಾನೀಯರೊಡನೆ ಕೆಲಸ ಮಾಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ಅವರಲ್ಲಿ ಮೂವತ್ತರ ಪ್ರಾಯದವರೂ ಇರಬಹುದು. ಯಂತ್ರದ ಮಾತು, ಲೆಕ್ಕದ ಮಾತು ಮುಗಿದ ಮೇಲೆ ಒಂದು ದಿನ ಚಹಾ ಕುಡಿಯುವಾಗ, ಮಾಧ್ಯಮಿಕ ಶಾಲೆ ಬಿಟ್ಟ ದಿನ ನೀವು ಯಾವ ಹಾಡು ಹಾಡಿದಿರಿ ಎಂದು ಅವರನ್ನು ಕೇಳಿ. ಮೊದಲು ಸಂಕೋಚಪಟ್ಟುಕೊಳ್ಳುತ್ತಾರೆ, ಹಾಡಲು ಬಾರದೆನ್ನುತ್ತಾರೆ. ಸ್ವಲ್ಪ ತಾಳ್ಮೆಯಿಂದ ಕಾದರೆ ಹಾಡುತ್ತಾರೆ. ಅವರು ಹಾಡಿ ಮುಗಿಸಿದ ಮೇಲೆ ನಿಮ್ಮ ಶಾಲೆಯದನ್ನು ಕೇಳದೆ ಬಿಡುವುದಿಲ್ಲ; ಆದುದರಿಂದ ನಿಮ್ಮದೊಂದನ್ನೂ ನೆನಪು ಮಾಡಿಕೊಂಡು ಹೋಗಿ.